ಪೂಜೆ ಊಟದ ದಿನ ಬಡಿಸುತ್ತಿದ್ದ ಹುಡುಗ

ಹೋದ ವಾರ ಸಿಡ್ನಿ ಕನ್ನಡಿಗರ ಈ ಗುಂಪಿನಲ್ಲಿ ಒಬ್ಬರು ಕೇಳಿದ ಪ್ರಶ್ನೆ ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. ಅವರ ಮಗಳು ಎರಡನೇ ಕ್ಲಾಸು. ಅವಳ ಟೀಚರ್ ಮದುವೆಯಾಗಿರುವುದು ಇನ್ನೊಬ್ಬ ಹೆಂಗಸನ್ನು. ಮಗು ಮನೆಗೆ ಬಂದು "ಅಮ್ಮಾ, ಹಾಗೂ ಮದುವೆ ಆಗಬಹುದಾ?" ಅಂದಳಂತೆ. ಏನು ಹೇಳಲಿ ಅಂತ ತಾಯಿ ಕೇಳಿದ್ದರು. ಬಂದ ಉತ್ತರಗಳಲ್ಲಿ ಅರ್ಧಕ್ಕಿಂತ ಜಾಸ್ತಿ "ಶಾಲೆ ಬದಲಾಯಿಸಿ", "ಇದು ನಮ್ಮ ಸಂಸ್ಕೃತಿ ಅಲ್ಲ", "ಈ ದೇಶವೇ ಕೆಟ್ಟುಹೋಗಿದೆ". ಓದಿ ಸಂಕಟವಾಯಿತು. ಸಿಟ್ಟೂ ಬಂತು.

ಆ ಮಗುವಿಗೆ ಕೊಡಬೇಕಾದ ಉತ್ತರ ಇಷ್ಟೇ: "ಹೂಂ ಪುಟ್ಟಾ, ಆಗಬಹುದು." ಕೇಳಿಕೊಂಡು ಆಟಕ್ಕೆ ಓಡಿಹೋಗುತ್ತಾಳೆ. ಒದ್ದಾಡುವವರು ನಾವು.

2017ರಲ್ಲಿ ಸಿಡ್ನಿಯಲ್ಲಿ ಇದ್ದವರಿಗೆ ನೆನಪಿರುತ್ತದೆ. ಸೆಪ್ಟೆಂಬರಿನಲ್ಲಿ ಓಟಿನ ಪಟ್ಟಿಯಲ್ಲಿದ್ದ ಪ್ರತಿಯೊಬ್ಬರಿಗೂ ಪೋಸ್ಟಿನಲ್ಲಿ ಒಂದು ಲಕೋಟೆ ಬಂತು. ಒಳಗೆ ಒಂದೇ ಪ್ರಶ್ನೆ. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಮದುವೆಯಾಗಲು ಕಾನೂನು ಬದಲಾಗಬೇಕೇ? ಹೌದು, ಇಲ್ಲ ಅಂತ ಎರಡು ಚೌಕ. ಇಲ್ಲಿ ಚುನಾವಣೆಗೆ ಓಟು ಹಾಕದಿದ್ದರೆ ದಂಡ ಬೀಳುತ್ತದೆ. ಇದಕ್ಕೆ ಬಲವಂತ ಇರಲಿಲ್ಲ. ಆದರೂ ಶೇ. 79.5 ಜನ ಉತ್ತರ ಕಳಿಸಿದರು. ನವೆಂಬರ್ 15ಕ್ಕೆ ಫಲಿತಾಂಶ ಬಂತು. ದೇಶದಲ್ಲಿ ಉತ್ತರ ಕಳಿಸಿದವರಲ್ಲಿ ಶೇ. 61.6 ಜನ ಹೌದು ಅಂದಿದ್ದರು.

ನಮ್ಮ ಜನ ಜಾಸ್ತಿ ಇರುವ ಹ್ಯಾರಿಸ್ ಪಾರ್ಕ್ ಪ್ಯಾರಮಟ್ಟಾ ಕ್ಷೇತ್ರಕ್ಕೆ ಸೇರಿದ್ದು. ಅಲ್ಲೂ ಅದೇ 61.6. ಆದರೆ ಅದು "ಇಲ್ಲ" ಅಂದವರ ಲೆಕ್ಕ! ಸಿಡ್ನಿಯದೇ ಇನ್ನೊಂದು ಕ್ಷೇತ್ರ ಬ್ಲಾಕ್ಸ್‌ಲ್ಯಾಂಡ್‌ನಲ್ಲಿ "ಇಲ್ಲ" ಶೇ. 73.9. ದೇಶದ 150 ಕ್ಷೇತ್ರಗಳಲ್ಲಿ ಬೇಡ ಅಂದದ್ದು 17. ಅದರಲ್ಲಿ 12 ಸಿಡ್ನಿಯವೇ, ಹೆಚ್ಚಿನವು ನಮ್ಮ ಪಶ್ಚಿಮ ಭಾಗದವು. ಅಲ್ಲಿ ಎಲ್ಲ ದೇಶದವರೂ ಎಲ್ಲ ಧರ್ಮದವರೂ ಇದ್ದಾರೆ, ಎಲ್ಲವನ್ನೂ ನಮ್ಮವರ ತಲೆಗೆ ಕಟ್ಟುತ್ತಿಲ್ಲ. ಆದರೆ ನಮ್ಮವರು ಏನು ಮಾತಾಡಿಕೊಂಡರು ಅಂತ ನನಗೆ ಗೊತ್ತು. ನಾನು ಅಲ್ಲೇ ಕೂತಿದ್ದೆ.

ಅಕ್ಟೋಬರ್ ತಿಂಗಳು. ಸ್ನೇಹಿತರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಪೂಜೆ ಮುಗಿದು ಹಿತ್ತಿಲಲ್ಲಿ ಚಾಪೆ ಹಾಸಿ ಊಟಕ್ಕೆ ಕೂತಿದ್ದೆವು. ಆ ಮನೆಯ ಮಗ, 16 ವರ್ಷದವನು, ಬಿಸಿಬೇಳೆಬಾತಿನ ಪಾತ್ರೆ ಹಿಡಿದು ಬಡಿಸುತ್ತಿದ್ದ. ಪಂಚೆ ಜಾರುತ್ತಿತ್ತು, ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ಸಾಲಿನ ಉದ್ದಕ್ಕೂ ಬರುತ್ತಿದ್ದ. ಮಾತು ಲಕೋಟೆಗೆ ಬಂತು. "ನಾಲ್ಕು ಬಾರಿಸಿದರೆ ಸರಿಹೋಗ್ತಾರೆ" ಅಂದರು ಒಬ್ಬರು. "ನಮ್ಮಲ್ಲಿ ಅಂಥವರು ಹುಟ್ಟೋದೇ ಇಲ್ಲ ಬಿಡಿ" ಅಂದರು ಇನ್ನೊಬ್ಬರು. ಎಲ್ಲರೂ ನಕ್ಕರು. ಅವನ ಅಪ್ಪನೂ ನಕ್ಕರು. ಹುಡುಗ ಬಗ್ಗಿ "ಅಂಕಲ್, ಇನ್ನೊಂಚೂರು ಹಾಕಲಾ?" ಅಂತ ಅವರಿಗೇ ಬಡಿಸಿದ.

ನಾಲ್ಕು ವರ್ಷ ಆದಮೇಲೆ ಅವನು ತನ್ನ ವಿಷಯ ಮನೆಯಲ್ಲಿ ಹೇಳಿದ. ಆಮೇಲೆ ನನ್ನ ಹತ್ತಿರವೂ ಹೇಳಿದ. "ಆಂಟಿ, ಅವತ್ತು ಯಾರು ಯಾರು ಏನೇನು ಅಂದರು ಅಂತ ನನಗೆ ಈಗಲೂ ನೆನಪಿದೆ. ನೀವು ಏನೂ ಅನ್ನಲಿಲ್ಲ." ಬೈದು ಹೇಳಿದ್ದಲ್ಲ. ನೆನಪು ಮಾಡಿಕೊಂಡು ಹೇಳಿದ, ಅಷ್ಟೇ. ನಾನು ಹೌದು ಅಂತಲೇ ಗುರುತು ಹಾಕಿ ಕಳಿಸಿದ್ದೆ. ಅದು ಅವನಿಗೆ ಹೇಗೆ ಗೊತ್ತಾಗಬೇಕು? ಅವನಿಗೆ ಕೇಳಿಸಿದ್ದು ನಗು, ಕಂಡದ್ದು ನನ್ನ ಮುಚ್ಚಿದ ಬಾಯಿ. ಆ ನಾಲ್ಕು ವರ್ಷ ಆ ಹುಡುಗ ನಮ್ಮ ಯುಗಾದಿಗೆ, ರಾಜ್ಯೋತ್ಸವಕ್ಕೆ ಬಂದು ಕುರ್ಚಿ ಜೋಡಿಸಿದ್ದಾನೆ. ಹೇಗೆ ಬಂದನೋ!

ಇದು ಪಾಶ್ಚಾತ್ಯರಿಂದ ಬಂದದ್ದು ಅನ್ನುತ್ತೀರಿ. ಭಾರತದಲ್ಲಿ ಇದನ್ನು ಅಪರಾಧ ಮಾಡಿದ ದಂಡ ಸಂಹಿತೆಯ 377ನೇ ಕಲಂ ಬರೆದವರು ಬ್ರಿಟಿಷರು, 1860ರಲ್ಲಿ. ಹೊರಗಿನಿಂದ ಬಂದದ್ದು ಆ ಕಲಂ. ಒಪ್ಪಿ ಜೊತೆಗಿರುವ ವಯಸ್ಕರಿಗೆ ಅದು ಅನ್ವಯಿಸುವುದಿಲ್ಲ ಅಂತ ನಮ್ಮ ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ತೀರ್ಪು ಕೊಡಬೇಕಾಯಿತು. ಮದುವೆಯ ಹಕ್ಕು ಮಾತ್ರ 2023ರಲ್ಲಿ ಸಿಗಲಿಲ್ಲ, ಅದನ್ನು ಪಾರ್ಲಿಮೆಂಟಿಗೆ ಬಿಟ್ಟರು. ಹಾಗಾಗಿ ಇಲ್ಲಿ ಗಂಡ ಗಂಡ ಆಗಿರುವ ಇಬ್ಬರು ಬೆಂಗಳೂರಿನಲ್ಲಿ ವಿಮಾನ ಇಳಿದರೆ ಕಾನೂನಿನ ಕಣ್ಣಿಗೆ ಏನೂ ಅಲ್ಲ. ಒಬ್ಬರು ಆಸ್ಪತ್ರೆ ಸೇರಿದರೆ ಇನ್ನೊಬ್ಬರನ್ನು "ನೀವು ಏನಾಗಬೇಕು?" ಅಂತ ಕೇಳುತ್ತಾರೆ. ಏನು ಹೇಳಬೇಕು ಅವರು?

ಮಕ್ಕಳು ಹಾಳಾಗುತ್ತಾರೆ ಅನ್ನುವುದು ಇನ್ನೊಂದು. ಆಗ "ಇಲ್ಲ" ಅನ್ನಿ ಅನ್ನುವವರು ಟಿವಿಯಲ್ಲಿ ಹಾಕಿದ ಜಾಹೀರಾತು ನೆನಪಿದೆಯಾ? ನನ್ನ ಮಗ ಬೇಕಾದರೆ ಫ್ರಾಕ್ ಹಾಕಿಕೊಂಡು ಬರಬಹುದು ಅಂತ ಶಾಲೆಯವರು ಹೇಳಿದರು ಅಂತ ಒಬ್ಬ ತಾಯಿ ಹೇಳುತ್ತಿದ್ದರು. ಲಕೋಟೆಯಲ್ಲಿದ್ದ ಪ್ರಶ್ನೆಗೂ ಶಾಲೆಗೂ ಸಂಬಂಧವೇ ಇರಲಿಲ್ಲ. ನಮ್ಮ ಮನೆಗಳಲ್ಲಿ ಮಾತ್ರ ಅದೇ ಮಾತು ವಾಟ್ಸಾಪ್‌ನಲ್ಲಿ ಮೂರು ತಿಂಗಳು ಓಡಾಡಿತು.

ಇಲ್ಲಿ ಮದುವೆಯ ಹೊಸ ಕಾನೂನು ಜಾರಿಗೆ ಬಂದದ್ದು 2017ರ ಡಿಸೆಂಬರ್ 9ಕ್ಕೆ. ಬದಲಾದದ್ದು ಏನು ಅಂತ ನಾನು ಕಣ್ಣಾರೆ ಕಂಡಿದ್ದೇನೆ. 2016ರಲ್ಲಿ ನನ್ನ ತಂಗಿ ಮದುವೆ ಇಲ್ಲೇ ಆಯಿತು. ಧಾರೆ ಮುಗಿದ ಮೇಲೆ ರಿಜಿಸ್ಟರ್ ಮಾಡಿಸಲು ಬಂದಿದ್ದ ಹೆಂಗಸು ಕಾಗದ ನೋಡಿ ಓದಿದರು: ಮದುವೆ ಅಂದರೆ ಒಬ್ಬ ಗಂಡು ಮತ್ತು ಒಬ್ಬ ಹೆಣ್ಣು ಸೇರುವುದು. ಈಗ ಅದೇ ಜಾಗದಲ್ಲಿ "ಇಬ್ಬರು ವ್ಯಕ್ತಿಗಳು" ಅಂತ ಓದುತ್ತಾರೆ. ಅಷ್ಟೇ. ತಂಗಿಯ ಸಂಸಾರ ಚೆನ್ನಾಗಿಯೇ ನಡೆದಿದೆ.

ನನಗೆ ಜಾಸ್ತಿ ನೋವಾಗುವುದು ಬೇರೆ ಕಾರಣಕ್ಕೆ. ನಮ್ಮ ಮಗುವಿನ ತಿಂಡಿ ಡಬ್ಬಿ ನೋಡಿ ಯಾರಾದರೂ ಮೂಗು ಮುಚ್ಚಿಕೊಂಡರೆ ಮಾರನೇ ದಿನವೇ ಪ್ರಿನ್ಸಿಪಾಲ್ ಹತ್ತಿರ ಹೋಗುತ್ತೇವೆ. ಹೋಗಬೇಕಾದದ್ದೇ. ನಾವು ಬೇರೆ ಥರ ಇದ್ದೇವೆ, ಹಾಗೇ ಒಪ್ಪಿಕೊಳ್ಳಿ ಅಂತ ಕೇಳುತ್ತೇವೆ. ಮನೆಗೆ ಬಂದು ಇನ್ನೊಬ್ಬರ ಬಗ್ಗೆ ಮೂಗು ಮುಚ್ಚಿಕೊಳ್ಳುತ್ತೇವೆ. ಜಾತಿ ಬಿಟ್ಟು ಮದುವೆಯಾದ ಎಷ್ಟು ಜನ ಈ ಗುಂಪಿನಲ್ಲೇ ಇದ್ದೀರಿ. "ಸಂಸ್ಕೃತಿ ಅಲ್ಲ" ಅನ್ನುವ ಮಾತು ನಿಮಗೂ ಬಿದ್ದಿತ್ತು, ಅಲ್ವಾ?

ಆ ಹುಡುಗನಿಗೆ ಈಗ 25. ಮುಂದಿನ ತಿಂಗಳ ಎರಡನೇ ಶನಿವಾರ ಅವನ ಮದುವೆ, ಅದೇ ಮನೆಯ ಹಿತ್ತಿಲಲ್ಲಿ. ಅವನನ್ನೂ ಅವನ ಅಮ್ಮನನ್ನೂ ಕೇಳಿ, ಇದನ್ನು ಓದಿಸಿಯೇ ಇಲ್ಲಿ ಹಾಕುತ್ತಿದ್ದೇನೆ. ಇಬ್ಬರು ಪುರೋಹಿತರು ಆಗಲ್ಲ ಅಂದರು. ಮನಸ್ಸಿಲ್ಲದಿದ್ದರೆ ಮಾಡಿಸದೇ ಇರುವ ಹಕ್ಕನ್ನು ಕಾನೂನೇ ಅವರಿಗೆ ಕೊಟ್ಟಿದೆ. ದೇವಸ್ಥಾನದವರನ್ನು ಬಲವಂತ ಮಾಡುತ್ತಾರೆ ಅಂತ ಹೆದರಿಸುವವರು ಇದನ್ನು ತಿಳಿದಿರಲಿ. ಧಾರೆ ನೀರನ್ನು ಅವನ ಅಪ್ಪ ಅಮ್ಮನೇ ಎರೆಯುತ್ತಾರೆ. ಹೌದು, ಅವತ್ತು ನಕ್ಕಿದ್ದ ಅಪ್ಪನೇ. ಹೋದ ಭಾನುವಾರ ಅವರು ಮಾವಿನ ಸೊಪ್ಪು ಎಲ್ಲಿ ಸಿಗುತ್ತೆ ಅಂತ ನನಗೆ ಮೂರು ಸಲ ಫೋನ್ ಮಾಡಿದರು.

ಕರೆದವರಲ್ಲಿ ನಮ್ಮವರು ಎಷ್ಟು ಜನ ಬರುತ್ತಾರೋ ಅಂತ ಅಮ್ಮನಿಗೆ ನಿದ್ದೆ ಇಲ್ಲ. ನೂರೈವತ್ತು ಹೋಳಿಗೆ ಆಗಬೇಕು. ಹಿಂದಿನ ದಿನ ಶುಕ್ರವಾರ ಸಂಜೆ ಆರು ಗಂಟೆಗೆ ನಮ್ಮ ಮನೆಯಲ್ಲಿ ಹೂರಣ ರುಬ್ಬುತ್ತೇವೆ. ಕಣಕ ನಾನು ಕಲಸಿ ಇಟ್ಟಿರುತ್ತೇನೆ. ತಟ್ಟಲು ಇನ್ನೂ ನಾಲ್ಕು ಜನ ಬೇಕು. ಬರುವವರು ಹೆಸರು ಕೆಳಗೆ ಬರೆಯಿರಿ.