25% ಹಳೆ ರಸ್ತೆಯ ಡಾಂಬರು ಜಲ್ಲಿ ಹಾಕಿದರೆ ಡಿಬಿಎಂ (ರಸ್ತೆಯ ಕೆಳಪದರದ ದಟ್ಟ ಡಾಂಬರು ಮಿಶ್ರಣ) ಗಂಟು ಕಟ್ಟುತ್ತಿದೆ, ಯಾಕೆ?

ಪ್ರಶ್ನೆ
ಬ್ಯಾಚ್ ಮಿಕ್ಸ್ ಪ್ಲಾಂಟು. ಮಿಲ್ಲಿಂಗ್‌ನಿಂದ (ಹಳೆ ರಸ್ತೆ ಕೆರೆದು) ಬಂದ ಆರ್‌ಎಪಿ, ಅಂದರೆ ಹಳೆ ಡಾಂಬರು ಹತ್ತಿದ ಜಲ್ಲಿ, 25%; ತಣ್ಣಗೇ ಪಗ್‌ಮಿಲ್‌ಗೆ (ಬೆರೆಸುವ ತೊಟ್ಟಿಗೆ) ಬೀಳುತ್ತದೆ. ಹೊಸ ಜಲ್ಲಿ 190 ಡಿಗ್ರಿ, ಡಾಂಬರು ವಿಜಿ-30 (ಸ್ನಿಗ್ಧತೆಯ ದರ್ಜೆ, ಸಂಖ್ಯೆ ಹೆಚ್ಚಿದಷ್ಟೂ ಗಟ್ಟಿ). ಮಿಶ್ರಣ 130 ಡಿಗ್ರಿ ದಾಟುವುದಿಲ್ಲ. ಪೇವರ್ (ಮಿಶ್ರಣ ಹಾಸುವ ಯಂತ್ರ) ಹಿಂದೆ ಗಂಟುಗಳು ಎಳೆದು ಗೆರೆ ಬೀಳುತ್ತಿದೆ. ಡಾಂಬರು ಜಾಸ್ತಿ ಮಾಡಲೇ?

ಪ್ಲಾಂಟ್_ಕಡೆಯವ
ಡಾಂಬರು ಮುಟ್ಟಬೇಡಿ. ಮೊದಲು ಆರ್‌ಎಪಿ ರಾಶಿಯ ತೇವ ನೋಡಿ. ಮಾದರಿಯನ್ನು ರಾಶಿಯ ಮೇಲಿಂದಲ್ಲ, ಒಂದಡಿ ಒಳಗಿಂದ ತೆಗೆಯಿರಿ. ಮೇಲೆ ಒಣಗಿದ್ದರೂ ಒಳಗೆ ಕೈಗೆ ಅಂಟುವಷ್ಟು ಒದ್ದೆ ಇರುತ್ತದೆ.

30 ಡಿಗ್ರಿಯ ಆರ್‌ಎಪಿ 25% ಹಾಕಿ 160 ಡಿಗ್ರಿ ಮಿಶ್ರಣ ಬೇಕೆಂದರೆ, ಅದು ಪೂರ್ತಿ ಒಣಗಿದ್ದರೂ ಹೊಸ ಜಲ್ಲಿ ಸುಮಾರು 203 ಡಿಗ್ರಿ ಇರಬೇಕು. 3% ತೇವ ಇದ್ದರೆ ಸುಮಾರು 230, 5% ಇದ್ದರೆ 250. ನೀರು ಆವಿಯಾಗುವುದಕ್ಕೇ ಈ ಹೆಚ್ಚಿನ ಶಾಖವೆಲ್ಲ ಹೋಗುತ್ತದೆ. ನಿಮ್ಮ 190ಕ್ಕೆ 130 ಬರುತ್ತಿದೆ ಎಂದರೆ ತೇವ 3%ರ ಆಸುಪಾಸಿದೆ. ಹಾಗೆಂದು ಬರ್ನರ್ ಏರಿಸಿದರೆ ಹೊಗೆಗಾಳಿಯೂ ಕಾಯುತ್ತದೆ. ಅದರ ಧೂಳು ಸೋಸುವ ನೋಮೆಕ್ಸ್ ಬಟ್ಟೆಯ ಚೀಲಗಳು 200 ಡಿಗ್ರಿಯ ಮೇಲೆ ಹೆಚ್ಚು ದಿನ ಬಾಳುವುದಿಲ್ಲ.

ಸದ್ಯಕ್ಕೆ 15%ಕ್ಕೆ ಇಳಿಸಿ, ಅದೇ ತೇವಕ್ಕೆ ಜಲ್ಲಿ 200ರ ಹತ್ತಿರ ಸಾಕು. ಡಾಂಬರು ಬಿಡುವ ಮುಂಚೆ ಒಣ ಮಿಶ್ರಣದ ಸಮಯ 10–15 ಸೆಕೆಂಡು ಹೆಚ್ಚಿಸಿ. ಪಗ್‌ಮಿಲ್‌ನಲ್ಲಿ ಆವಿ ಒಮ್ಮೆಗೇ ಏಳುತ್ತದೆ, ಹೊರಹೋಗುವ ದಾರಿ ದೊಡ್ಡದಿರಲಿ.

ಲ್ಯಾಬ್_ಜಲ್ಲಿ
25%ಕ್ಕೆ ವಿಜಿ-30 ಗಟ್ಟಿಯಾಯಿತು. ಉದಾಹರಣೆಗೆ ಆರ್‌ಎಪಿಯಲ್ಲಿ 4% ಡಾಂಬರಿದ್ದರೆ ಮಿಶ್ರಣಕ್ಕೆ 1% ಬರುತ್ತದೆ, ಒಟ್ಟು 4.5% ಬೇಕಾದರೆ ಹೊಸದು 3.5%. ಹಳೆಯದರ ಸ್ನಿಗ್ಧತೆ 60 ಡಿಗ್ರಿಯಲ್ಲಿ 20,000 ಪಾಯ್ಸ್ ಎಂದಿಟ್ಟುಕೊಳ್ಳಿ. ಲಾಗ್ ಲೆಕ್ಕದಲ್ಲಿ 2,700 ಪಾಯ್ಸ್‌ನ ವಿಜಿ-30 ಬೆರೆತರೆ ಸುಮಾರು 4,200, ಅಂದರೆ ವಿಜಿ-40 ಹಾಕಿದಂತೆ. 1,800ರ ವಿಜಿ-20 ಹಾಕಿದರೆ ಸುಮಾರು 3,000, ವಿಜಿ-30ರ ವ್ಯಾಪ್ತಿಯೊಳಗೇ. ನಿಮ್ಮ ರಾಶಿಯ ಹಳೆ ಡಾಂಬರನ್ನು ಹೊರತೆಗೆದು ಅಳೆಯಲೇಬೇಕು. ಈ ಲೆಕ್ಕ ಹಳೆ ಡಾಂಬರು ಪೂರ್ತಿ ಕರಗಿ ಬೆರೆತರೆ ಮಾತ್ರ ನಿಜ. 130 ಡಿಗ್ರಿಯಲ್ಲಿ ಅದು ಬೆರೆಯದೆ ಕಪ್ಪು ಕಲ್ಲಾಗಿಯೇ ಉಳಿಯುತ್ತದೆ.

ಜಲ್ಲಿಯ ಅಳತೆಯನ್ನೂ ಡಾಂಬರು ತೆಗೆದ ಮೇಲೆಯೇ ಜರಡಿ ಹಿಡಿಯಿರಿ. ಮಿಲ್ಲಿಂಗ್ ಹಲ್ಲು ಕಲ್ಲು ಒಡೆದು ಪುಡಿ ಹೆಚ್ಚಿಸಿರುತ್ತದೆ.

ಪ್ರಶ್ನೆ ಕೇಳಿದವರು
ಒಳಗಿನ ಮಾದರಿ ಓವನ್‌ನಲ್ಲಿಟ್ಟೆ: 3.4%. ರಾಶಿಗೆ ಟಾರ್ಪಾಲು ಹೊದಿಸಿದ್ದೇವಲ್ಲ?

ಪ್ಲಾಂಟ್_ಕಡೆಯವ
ಟಾರ್ಪಾಲು ತೆಗೆದುಬಿಡಿ. ಕೆಳಗೆ ಬೆವರಿ ನೀರು ಅಲ್ಲೇ ನಿಲ್ಲುತ್ತದೆ. ನಾಲ್ಕೂ ಕಡೆ ಗಾಳಿಯಾಡುವ ಶೀಟಿನ ಚಾವಣಿ, ಕೆಳಗೆ ಇಳಿಜಾರಿನ ಕಾಂಕ್ರೀಟ್ ನೆಲ ಮಾಡಿ. ರಾಶಿಯ ಮೇಲೆ ಲೋಡರ್ ಹತ್ತಿಸಬೇಡಿ, ಬಿಸಿಲಿಗೆ ಮೆತ್ತಗಾದದ್ದು ಅದರ ಭಾರಕ್ಕೆ ಹೆಂಟೆಯಾಗುತ್ತದೆ. ಹಾಪರ್ ಮೇಲೆ ಜಾಲರಿ ಹಾಕಿ, ನಿಂತ ಹೆಂಟೆಗಳನ್ನು ಕ್ರಷರ್‌ಗೆ ಕಳಿಸಿ.