ಸಿ ಭಾಷೆ: ಸ್ಟ್ರ್‌ಟಾಕ್‌ಗೆ ದಂಡ (।) ಕೊಟ್ಟರೆ ಕನ್ನಡ ಅಕ್ಷರವೇ ಒಡೆಯುತ್ತಿದೆ

ಪಾಯಿಂಟರ್ ಪುಟ್ಟ:
ಅಜ್ಜಿ ಹೇಳುವ ಸೋಬಾನೆ ಪದಗಳನ್ನು ಟೈಪ್ ಮಾಡಿ, ಸಾಲು ಸಾಲಿಗೂ ನಡುವೆ ದಂಡ (।) ಹಾಕಿದ್ದೇನೆ. ಫೈಲ್ ಯುಟಿಎಫ್-8 (ಅಕ್ಷರಗಳನ್ನು ಬೈಟ್‌ಗಳಾಗಿ, ಅಂದರೆ 0ರಿಂದ 255ರೊಳಗಿನ ಸಂಖ್ಯೆಗಳಾಗಿ ಉಳಿಸುವ ರೀತಿ). ದಂಡ ಬಂದಲ್ಲಿ ಒಡೆಯಲು ಸಿ ಭಾಷೆಯ ಸ್ಟ್ರ್‌ಟಾಕ್ (strtok) ಫಂಕ್ಷನ್ ಬಳಸಿದೆ. ಸುಮ್ನೆ ನೋಡೋಣ ಅಂತ ‘ರಾಗಿ।ಜೋಳ’ ಕೊಟ್ಟೆ. ಎರಡು ತುಂಡು ಬರಬೇಕಿತ್ತು, ಏಳು ಬಂದವು. ಎಲ್ಲವೂ ಪ್ರಶ್ನೆ ಚಿಹ್ನೆಗಳೇ. ದಂಡದ ಜಾಗದಲ್ಲಿ ಕಾಮಾ ಹಾಕಿದರೆ ಸರಿಯಾಗಿದೆ! ಸ್ಟ್ರಿಂಗ್ (ಅಕ್ಷರಗಳ ಸಾಲು) ಇರುವುದು ಅರೇಯಲ್ಲಿ, ಲಿಟರಲ್ ಅಲ್ಲ, ಅಂದರೆ ತಿದ್ದಬಹುದು. ಫಾಂಟ್ ತೊಂದರೆಯಾ?

ಹಳೇ ಕಂಪೈಲರ್:
ಪಾಪ, ಫಾಂಟನ್ನು ಬೈಯಬೇಡಿ. ಸ್ಟ್ರ್‌ಟಾಕ್‌ಗೆ ನೀವು ಕೊಡುವುದು ಒಂದು ಗುರುತಲ್ಲ, ಬೈಟ್‌ಗಳ ಗುಂಪು. ಗುಂಪಿನಲ್ಲಿ ಯಾವುದು ಸಿಕ್ಕರೂ ಅಲ್ಲಿ ಕತ್ತರಿಸುತ್ತದೆ. ದಂಡ ಅಂದರೆ ಮೂರು ಬೈಟ್: 224, 165, 164. ‘ರ’ ಅಂದರೆ 224, 178, 176. ಮೊದಲ ಬೈಟ್ ಒಂದೇ, ಅಲ್ವಾ? ಕನ್ನಡದ ಎಲ್ಲ ಅಕ್ಷರ, ಕಾಗುಣಿತ ಚಿಹ್ನೆಗಳೂ 224ರಿಂದಲೇ ಶುರು. ‘ರಾಗಿ’ಯಲ್ಲಿ ನಾಲ್ಕು, ‘ಜೋಳ’ದಲ್ಲಿ ಮೂರು. ನಿಮ್ಮ ಏಳರ ಲೆಕ್ಕ ಸಿಕ್ಕಿತಲ್ಲ! ‘ತ’ ಬಂದರೆ ಇನ್ನೂ ಕಷ್ಟ, ಅದರ ಕೊನೆಯ 164 ಕೂಡ ಹೋಗುತ್ತದೆ. ಕಾಮಾ ಒಂದೇ ಬೈಟ್, 44. ಅದು ಕನ್ನಡ ಅಕ್ಷರದೊಳಗೆ ಬರುವುದೇ ಇಲ್ಲ.

ಸೆಮಿಕೋಲನ್:
ಸ್ಟ್ರ್‌ಸೆಪ್ (strsep) ಬಳಸಿ ನೋಡಿ, ಅದೂ ಒಡೆಯುವ ಫಂಕ್ಷನ್ನೇ, ಖಾಲಿ ತುಂಡನ್ನೂ ಬಿಡುವುದಿಲ್ಲ.

ಹಳೇ ಕಂಪೈಲರ್:
ಖಾಲಿ ತುಂಡಿನ ಮಾತು ನಿಜ. ಆದರೆ ಅದೂ ಬೈಟ್ ಗುಂಪನ್ನೇ ನೋಡುತ್ತದೆ, ಇಲ್ಲಿ ಉಪಯೋಗವಿಲ್ಲ. ಒಂದು ಸ್ಟ್ರಿಂಗಿನೊಳಗೆ ಇನ್ನೊಂದನ್ನು ಹುಡುಕುವ ಸ್ಟ್ರ್‌ಸ್ಟ್ರ್ (strstr) ಬೇಕು. ಅದು ಮೂರು ಬೈಟೂ ಅದೇ ಕ್ರಮದಲ್ಲಿ ಇದ್ದರೆ ಮಾತ್ರ ಹಿಡಿಯುತ್ತದೆ. ಸಿಕ್ಕ ಜಾಗದಲ್ಲಿ ಸೊನ್ನೆ ಬೈಟ್ (ಸ್ಟ್ರಿಂಗ್ ಇಲ್ಲಿಗೆ ಮುಗಿಯಿತು ಎಂಬ ಗುರುತು) ಇಟ್ಟು ತುಂಡನ್ನು ಮುದ್ರಿಸಿ, ಪಾಯಿಂಟರ್ (ಎಲ್ಲಿಂದ ಹುಡುಕಬೇಕೆಂದು ತೋರಿಸುವುದು) ಮುಂದೆ ಸರಿಸಿ, ಮತ್ತೆ ಹುಡುಕಿ.

ಪಾಯಿಂಟರ್ ಪುಟ್ಟ:
ರಾಗಿ ಬಂತು! ಆದರೆ ಎರಡನೇ ತುಂಡು ಬರುತ್ತಿಲ್ಲ. ಮೂರು ತುಂಡಿನ ಸಾಲು ಕೊಟ್ಟರೆ ನಡುವಿನದು ಬರುತ್ತದೆ, ಅದರ ತಲೆ ಮೇಲೆ ಎರಡು ಕಸ. ಕೊನೆಯದು ಮತ್ತೆ ನಾಪತ್ತೆ.

ಹಳೇ ಕಂಪೈಲರ್:
ಪಾಯಿಂಟರನ್ನು ಒಂದೇ ಹೆಜ್ಜೆ ಸರಿಸಿದ್ದೀರಿ. 165, 164 ಅಲ್ಲೇ ಉಳಿದಿವೆ, ಅದೇ ಆ ಕಸ. 3 ಅಂತ ಬರೆಯುವುದಕ್ಕಿಂತ ದಂಡದ ಸ್ಟ್ರ್‌ಲೆನ್ (strlen, ಬೈಟ್‌ಗಳಲ್ಲಿ ಉದ್ದ) ಎಷ್ಟೋ ಅಷ್ಟು ಸರಿಸಿ. ಇನ್ನು ಕೊನೆಯ ತುಂಡಿನ ನಂತರ ದಂಡವೇ ಇಲ್ಲ, ಸ್ಟ್ರ್‌ಸ್ಟ್ರ್ ನಲ್ (‘ಸಿಗಲಿಲ್ಲ’ ಎಂಬ ಉತ್ತರ) ಕೊಡುತ್ತದೆ, ನಿಮ್ಮ ಲೂಪ್ ಅಲ್ಲಿಗೇ ನಿಲ್ಲುತ್ತದೆ. ಲೂಪ್ ಮುಗಿದ ಮೇಲೆ ಉಳಿದದ್ದನ್ನು ಒಮ್ಮೆ ಮುದ್ರಿಸಿ.

ಪಾಯಿಂಟರ್ ಪುಟ್ಟ:
ಸರಿಹೋಯ್ತು ಸಾರ್. ಪದ ಪೂರ್ತಿ ಬಂತು. ನಡುವೆ ಒಂದು ಕಡೆ ಖಾಲಿ ಸಾಲಿದೆ, ನಾನೇ ಎರಡು ದಂಡ ಒತ್ತಿದ್ದೆ.