ಸೈಕಿಯಾಟ್ರಿ ಎಂಡಿ: ಪುಣೆಯ ಡೀಮ್ಡ್ ಸೀಟು ಹಿಡಿಯಲೋ, ಇನ್ನೊಂದು ವರ್ಷ ಓದಲೋ?

ಕೇಳಿದವಳು, ಡೊಂಬಿವಲಿ: ಎಂಬಿಬಿಎಸ್ ಇಂಟರ್ನ್‌ಶಿಪ್ ಮುಗೀತು. ಸೈಕಿಯಾಟ್ರಿ, ಅಂದರೆ ಮನೋವೈದ್ಯ, ಬಿಟ್ಟು ಬೇರೆ ಮನಸ್ಸಿಲ್ಲ. ನನ್ನ ರ‍್ಯಾಂಕಿಗೆ ಕೆಇಎಂ, ಸಯನ್, ನಾಯರ್‌ನಂಥ ಮುಂಬಯಿಯ ಮುನಿಸಿಪಲ್ ಆಸ್ಪತ್ರೆ ಬರೋದಿಲ್ಲ. ಪುಣೆಯಲ್ಲಿ ಡೀಮ್ಡ್ ಸೀಟು, ಅಂದರೆ ದುಬಾರಿ ಖಾಸಗಿ ವಿಶ್ವವಿದ್ಯಾಲಯದ್ದು, ಸಿಗಬಹುದು. ಅಪ್ಪ ಮನೆ ಅಡ ಇಡ್ತೀನಿ ಅಂತಾರೆ. ಈ ದಾರೀಲಿ ಹೋದವರು ಹೇಳಿ.

ಪುಣೆ, ಮೂರನೇ ವರ್ಷದ ರೆಸಿಡೆಂಟ್: ನಾನು ಹೋದವನೇ. ಕಾಲೇಜಿನ ಹೆಸರು ಬೇಡ. ವರ್ಷಕ್ಕೆ 23 ಲಕ್ಷ ಫೀಸು, ಹಾಸ್ಟೆಲ್ 1,80,000, ಥೀಸಿಸ್ ಲೆಕ್ಕ ಹಾಕಿಕೊಟ್ಟವನಿಗೆ 12,000, ಬೈಂಡಿಂಗು ಬೇರೆ. ಸ್ಟೈಪೆಂಡ್ ಬಂದ ವಾರವೇ ಒಂದು ಪಾಲು ವಾಪಸ್ ಕೇಳಿದರು, ರಸೀದಿ ಇಲ್ಲ. ಅದೂ ಹೋಗಲಿ, ವಾರ್ಡಿನಲ್ಲಿ 30 ಹಾಸಿಗೆ, ರೋಗಿಗಳು ಎಂಟು. ಮೊದಲ ವರ್ಷ ನಾನು ಕಂಡ ಕ್ಯಾಟಟೋನಿಯಾ, ಮೈಯೆಲ್ಲ ಸ್ತಬ್ಧವಾಗೋ ಸ್ಥಿತಿ, ಒಂದೇ. ಮಾತು, ಊಟ ಎರಡೂ ಬಿಟ್ಟಿದ್ದ ಹುಡುಗಿ. ಲೋರಾಜೆಪಾಮ್ ಇಂಜೆಕ್ಷನ್ ಆದ ಮೇಲೆ ತುಟಿ ಒದ್ದೆ ಮಾಡಿಕೊಂಡು ‘ನೀರು’ ಅಂದಳು. ಅಂಥದ್ದು ಇನ್ನೊಂದು ನೋಡೋಕೆ ಎರಡು ವರ್ಷ ಕಾದೆ.

ಮುಂಬಯಿ, ಡಿಎನ್‌ಬಿ ಎರಡನೇ ವರ್ಷ: ನನ್ನ ಕಥೆ ಕೇಳು ತಂಗಿ. 2024ರ ಜೂನ್ 23ಕ್ಕೆ ಎಂಡಿ ಪ್ರವೇಶ ಪರೀಕ್ಷೆ ನೀಟ್ ಪಿಜಿ, ಸೆಂಟರ್ ನಾಗಪುರ. ಅಮ್ಮನೂ ಜೊತೆಗೆ ಬಂದಿದ್ದರು, ಲಾಡ್ಜ್ ಒಂದು ರಾತ್ರಿಗೆ 1,800. 22ರ ರಾತ್ರಿ ಪರೀಕ್ಷೆ ಮುಂದಕ್ಕೆ ಹೋಯ್ತು ಅಂತ ಸುದ್ದಿ. ಅಮ್ಮ ತಟ್ಟೆ ಹಾಗೇ ಸರಿಸಿ ಎದ್ದರು. ಆಗಸ್ಟ್ 11ಕ್ಕೆ ಮತ್ತೆ ಅಷ್ಟೇ ಖರ್ಚು. ಪರೀಕ್ಷೆ ಎರಡು ಪಾಳಿಯಲ್ಲಿ ನಡೀತು, ಅವುಗಳ ಅಂಕ ಹೊಂದಿಸಿದ ಮೇಲೆ ಎಂಡಿ ಕೈತಪ್ಪಿತು. ಈಗ ವರ್ಷಕ್ಕೆ ಒಂದೂಕಾಲು ಲಕ್ಷದಲ್ಲಿ ಡಿಎನ್‌ಬಿ, ಎಂಡಿಗೆ ಸಮಾನವಾದದ್ದೇ, ಆಸ್ಪತ್ರೆಯೊಂದರಲ್ಲಿ ಓದ್ತಿದ್ದೀನಿ, ಮನೆ ಅಡ ಇಟ್ಟಿಲ್ಲ.

ಮುಂಬಯಿ, ಮುನಿಸಿಪಲ್ ಆಸ್ಪತ್ರೆಯ ಎಂಡಿ: ಖಾಸಗಿ ಆಸ್ಪತ್ರೆಯ ಡಿಎನ್‌ಬಿಯಲ್ಲಿ ಕ್ಯಾಶುವಾಲ್ಟಿ ಎಂತ ಅಂತ ಗೊತ್ತಾಗುವುದಿಲ್ಲ ಮಾರಾಯ್ರೆ. ನಮಗೆ ಒಂದೇ ರಾತ್ರಿ ಡಿಲೀರಿಯಂ ಟ್ರೆಮೆನ್ಸ್, ಕುಡಿತ ಥಟ್ಟನೆ ಬಿಟ್ಟಾಗ ಬರುವ ನಡುಕ-ಗೊಂದಲ, ಮೂರು ಕೇಸು ಬರ್ತಿತ್ತು, ಕೈಕಾಲು ಕಟ್ಟಲಿಕ್ಕೆ ಬ್ಯಾಂಡೇಜೂ ಸಾಲದು. ಓದು ಮುಗಿದ ಮೇಲೆ ಕಡ್ಡಾಯ ಸೇವೆಯ ಬಾಂಡು ಒಂದು ವರ್ಷ, ತಪ್ಪಿಸಿದರೆ ದಂಡ 50 ಲಕ್ಷ. ಆದರೂ ಇನ್ನೊಂದು ವರ್ಷ ಓದಿ ಇಲ್ಲಿಗೇ ಬನ್ನಿ.

ಡಿಎನ್‌ಬಿ ಎರಡನೇ ವರ್ಷ: ಸರ್, ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಒಬ್ಬಳೇ ರಾತ್ರಿ ಕಳೆದಿದ್ದೀನಿ. ಕುಡಿತದ ರೋಗಿಗೆ ಥಯಾಮಿನ್ (ಬಿ1 ವಿಟಮಿನ್) ಮೊದಲೋ ಗ್ಲುಕೋಸ್ ಮೊದಲೋ ಅನ್ನೋದು ನಿಮ್ಮಿಂದ ಕಲಿಯಬೇಕಿಲ್ಲ.

ಒಬ್ಬ ತಂದೆ, ನವಿ ಮುಂಬಯಿ: ಜಗಳ ಬಿಡಿ. ಕೌನ್ಸೆಲಿಂಗಿನ ಎರಡನೇ ಸುತ್ತಿನಲ್ಲಿ ಬಂದ ಡೀಮ್ಡ್ ಸೀಟು ಬಿಟ್ಟದ್ದಕ್ಕೆ ನನ್ನ ಮಗನ ಡಿಪಾಸಿಟ್ 2 ಲಕ್ಷ ಹೋಯಿತು. ನಿವೃತ್ತಿಯ ದುಡ್ಡು ಅದು. ಗೋವಾ ನೋಡೋಣ ಅಂದರೆ ಅಲ್ಲಿಯ ಸೀಟೆಲ್ಲ ಅಲ್ಲಿಯವರಿಗೇ.

ಗೋವಾ, ಸೀನಿಯರ್ ರೆಸಿಡೆಂಟ್: ತಪ್ಪು ಹೇಳಬ್ಯಾಡ್ರಿ. ಪಿಜಿಯೊಳಗ ವಾಸಸ್ಥಳದ ಮೀಸಲಾತಿ ಸಲ್ಲಂಗಿಲ್ಲ ಅಂತ ಸುಪ್ರೀಂ ಕೋರ್ಟ್ 2025ರ ಜನವರಿ 29ಕ್ಕ ಹೇಳೇತಿ. ಅಲ್ಲೇ ಎಂಬಿಬಿಎಸ್ ಓದಿದವರಿಗೆ ಆದ್ಯತಾ ಕೊಡೋದಕ್ಕ ಅಡ್ಡಿ ಇಲ್ಲ, ಅದೂ ಒಂದು ಮಿತಿಯೊಳಗ. ಇಲ್ಲಿ ಕನ್ನಡ ಬರೋ ಡಾಕ್ಟರ್ ಬೇಕರಿ. ವಾಸ್ಕೋದ ಬೈನಾದಿಂದ ಬಂದ ಯಾದಗಿರಿ ಕಡೆಯ ಗಾರೆ ಕೆಲಸದವ ‘ತಲ್ಯಾಗ ಹುಳ ಹರದಾಡಿದಂಗ ಆಗತೈತ್ರಿ’ ಅಂದ. ಆಯಾ ಕೊಂಕಣಿಗೆ ತಿರುಗಿಸಿದ್ದು ತಲ್ಯಾಗ ಹುಳ ಅದಾವಂತ ಅಂತ. ಕೇಸ್ ಪೇಪರಿನ್ಯಾಗ ಸೈಕೋಸಿಸ್, ಅಂದ್ರ ಇಲ್ಲದ್ದು ಖರೆ ಅನಿಸೋ ರೋಗ, ಅಂತ ಬಿತ್ತು, ಅದರ ಗುಳಿಗಿ ರಿಸ್ಪೆರಿಡೋನ್ ಸುರು. ನಾ ಮಗ್ಗಲದಾಗ ಕುಂತು ಕೇಳಿದೆ. ಮಗಳ ಮದುವಿ ಸಾಲ, ನಿದ್ದಿ ಇಲ್ಲ, ಉಣ್ಣಾಕ ಮನಸ್ಸಿಲ್ಲ. ಡಿಪ್ರೆಶನ್ ಅದು!

ನವಿ ಮುಂಬಯಿ: ತೀರ್ಪು ನಾನೂ ಓದಿದ್ದೇನೆ. ನನ್ನ 2 ಲಕ್ಷ ಅದರಿಂದ ಬಂತೇ?

ಕೇಳಿದವಳು: ಪುಣೆಯವರೇ, ಆ ಎಂಟು ರೋಗಿಗಳಲ್ಲಿ ನಿಮ್ಮ ಪಾಲಿಗೆ ಎಷ್ಟು ಬರ್ತಿದ್ದರು?

ಪುಣೆ: ಇಬ್ಬರು.